ಒಂದೇ ಬಲ್ಬಿಗೆ ಎರಡು ರೋಧವೇ? ವೋಲ್ಟೇಜ್, ಕರೆಂಟ್ ಹಿಡಿದು ಓಮ್, ವಾಟ್ ಲೆಕ್ಕ

ಪ್ರಶ್ನೆ: ಸರ್, ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಪವರ್ ಎಂದು ಓದಿದ್ದೇನೆ. 230 ವೋಲ್ಟ್, 60 ವಾಟ್ ಎಂದು ಬರೆದ ಹಳೇ ಫಿಲಮೆಂಟ್ ಬಲ್ಬಿಗೆ ಲೆಕ್ಕ ಹಾಕಿದೆ, 882 ಓಮ್ ಬಂತು. ಅದೇ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 65 ಓಮ್ ತೋರಿಸುತ್ತದೆ. ಮೀಟರ್ ಕೆಟ್ಟಿರಬೇಕು ಅಂದುಕೊಂಡು 1000 ವಾಟಿನ ಹೀಟರ್ ಕಾಯಿಲ್ ಅಳೆದೆ. ಲೆಕ್ಕದಲ್ಲಿ 53, ಮೀಟರಿನಲ್ಲಿ 51. ಹೆಚ್ಚುಕಮ್ಮಿ ಸರಿಯಾಗೇ ಇದೆ! ಹಾಗಾದರೆ ಬಲ್ಬಿನ ವಿಷಯದಲ್ಲಿ ಯಾವುದನ್ನು ನಂಬಲಿ? ಪವರಿಗೆ ಮೂರು ಸೂತ್ರ ಕೊಟ್ಟಿರುತ್ತಾರೆ, ಯಾವುದನ್ನು ಯಾವಾಗ ಬಳಸಬೇಕು? ಇನ್ನೊಂದು ವಿಷಯ: ನನ್ನ ಫ್ಯಾನ್ ಕ್ಲಾಂಪ್ ಮೀಟರಿನಲ್ಲಿ (ವೈರನ್ನು ಕತ್ತರಿಸದೆ ಅದರ ಸುತ್ತ ಬಾಯಿ ಹಾಕಿ ಕರೆಂಟ್ ಅಳೆಯುವ ಮೀಟರ್) 0.35 ಆಂಪಿಯರ್ ತೋರಿಸಿತು. 230ರಿಂದ ಗುಣಿಸಿದರೆ 80 ವಾಟ್ ದಾಟುತ್ತದೆ. ಫ್ಯಾನಿನ ಮೇಲೆ 70 ವಾಟ್ ಎಂದಿದೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಮೀಟರ್ ಚೆನ್ನಾಗಿದೆ. ಲೆಕ್ಕವೂ ಸರಿಯಾಗಿದೆ. 65 ಓಮ್ ಆರಿದ ಬಲ್ಬಿನದು, 882 ಓಮ್ ಉರಿಯುವ ಬಲ್ಬಿನದು. ನಿಮಗೆ ಅವೆರಡೂ ಒಂದೇ ವಸ್ತು ಅನ್ನಿಸುತ್ತದೆ. ಕರೆಂಟಿನ ಪಾಲಿಗೆ ಅವು ಬೇರೆ ಬೇರೆ.

ಮೊದಲು ಲೆಕ್ಕ. 60 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 0.26 ಆಂಪಿಯರ್. 230ನ್ನು ಆ ಕರೆಂಟಿನಿಂದ ಭಾಗಿಸಿದರೆ 882 ಓಮ್. ಇಲ್ಲಿ ನೀವು ಬಳಸಿದ 60 ವಾಟ್ ಎಲ್ಲಿಂದ ಬಂತು? ಬಲ್ಬಿನ ಮೇಲೆ ಬರೆದದ್ದು. ಅದು ಬಲ್ಬ್ ಪೂರ್ತಿ ಉರಿಯುವಾಗಿನ ಸಂಖ್ಯೆ. ಆಗ ಒಳಗಿನ ಟಂಗ್‌ಸ್ಟನ್ ತಂತಿ 2300ರಿಂದ 2500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕಬ್ಬಿಣ 1538 ಡಿಗ್ರಿಗೇ ಕರಗಿ ನೀರಾಗುತ್ತದೆ ಅಂದರೆ ಈ ಶಾಖ ಎಂಥದ್ದು ಅಂತ ಊಹಿಸಿಕೊಳ್ಳಿ. ಲೋಹ ಬಿಸಿಯಾದಷ್ಟೂ ಅದರೊಳಗಿನ ಅಣುಗಳ ಕುಣಿತ ಜಾಸ್ತಿ. ಎಲೆಕ್ಟ್ರಾನುಗಳಿಗೆ ದಾಟಿಕೊಂಡು ಹೋಗುವುದು ಕಷ್ಟ. ಹಾಗಾಗಿ ರೋಧ ಏರುತ್ತದೆ. ಟಂಗ್‌ಸ್ಟನ್ ಈ ಶಾಖ ಮುಟ್ಟುವ ಹೊತ್ತಿಗೆ ಅದರ ರೋಧ ತಣ್ಣಗಿದ್ದಾಗಿನ 13, 14 ಪಟ್ಟು ಆಗಿರುತ್ತದೆ. 882ನ್ನು 65ರಿಂದ ಭಾಗಿಸಿ ನೋಡಿ. 13.6 ಬರುತ್ತದೆ. ಅಂದರೆ ನೀವು ಗೊತ್ತಿಲ್ಲದೆಯೇ ಉರಿಯುವ ಫಿಲಮೆಂಟಿನ ಶಾಖವನ್ನು ಅಳೆದುಬಿಟ್ಟಿದ್ದೀರಿ!

ಇನ್ನು ಮೀಟರ್. ಓಮ್ ಅಳೆಯುವಾಗ ಮೀಟರ್ ಮಾಡುವುದೂ ನೀವು ಮಾಡಿದ ಭಾಗಾಕಾರವನ್ನೇ. ತನ್ನ ಬ್ಯಾಟರಿಯಿಂದ ಚೂರೇ ಚೂರು ಕರೆಂಟ್ ಕಳಿಸುತ್ತದೆ, ಒಂದು ಮಿಲಿಆಂಪಿಯರ್ ಆಸುಪಾಸು. ಎಷ್ಟು ವೋಲ್ಟೇಜ್ ಬಿತ್ತು ಎಂದು ನೋಡಿ ಓಮ್ ಹೇಳುತ್ತದೆ. ಅಷ್ಟು ಕರೆಂಟಿಗೆ ಫಿಲಮೆಂಟ್ ಬೆಚ್ಚಗೂ ಆಗುವುದಿಲ್ಲ.

ಹೀಟರ್ ಏಕೆ ಹೊಂದಿಕೊಂಡಿತು? ಅದರ ತಂತಿ ಸಾಮಾನ್ಯವಾಗಿ ನೈಕ್ರೋಮ್. ನಿಕ್ಕಲ್ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹ. ಕೆಂಪಗೆ ಕಾದರೂ ಅದರ ರೋಧ ನೂರಕ್ಕೆ ಕೆಲವೇ ಪಾಲು ಏರುತ್ತದೆ. ತಯಾರಿಕೆಯಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನೂ ಸೇರಿಸಿಕೊಂಡರೆ 51ಕ್ಕೂ 53ಕ್ಕೂ ಇರುವ ಅಂತರ ದೊಡ್ಡದೇನಲ್ಲ.

ಬಲ್ಬಿನ 65 ಓಮನ್ನು ಸುಮ್ನೆ ಬದಿಗಿಡಬೇಡಿ, ಅದಕ್ಕೂ ಕೆಲಸವಿದೆ. ಸ್ವಿಚ್ ಒತ್ತಿದ ಕ್ಷಣದಲ್ಲಿ ಫಿಲಮೆಂಟ್ ತಣ್ಣಗೇ ಇರುತ್ತದೆ. ಆಗ 230ನ್ನು 65ರಿಂದ ಭಾಗಿಸಬೇಕು: 3.5 ಆಂಪಿಯರ್. ಉರಿಯುವಾಗಿನದಕ್ಕಿಂತ 13 ಪಟ್ಟು ಜಾಸ್ತಿ! ಪವರ್ ಲೆಕ್ಕ ಹಾಕಿದರೆ 800 ವಾಟ್ ದಾಟುತ್ತದೆ. ಸೆಕೆಂಡಿನ ಸಣ್ಣ ಭಾಗದಲ್ಲಿ ತಂತಿ ಕಾದು ಕರೆಂಟ್ ಇಳಿದುಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಹಳೆಯ ಬಲ್ಬಿನ ಫಿಲಮೆಂಟ್ ಎಲ್ಲಾದರೂ ಸವೆದು ಸಣ್ಣಗಾಗಿದ್ದರೆ ಆ ಜಾಗ ಉಳಿದದ್ದಕ್ಕಿಂತ ಬೇಗ ಕಾಯುತ್ತದೆ. ಫಿಲಮೆಂಟ್ ಬಲ್ಬುಗಳು ಉರಿಯುತ್ತಾ ಇರುವಾಗಿನದಕ್ಕಿಂತ ಹೆಚ್ಚಾಗಿ ಸ್ವಿಚ್ ಹಾಕುವಾಗಲೇ ಪಟ್ ಎಂದು ಹೋಗುವುದು ಇದಕ್ಕೇ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಬರುವುದು ಆ ಹೊತ್ತಿನ, ಆ ಸ್ಥಿತಿಯ ರೋಧ. ಯಾವಾಗಲೂ ಅಷ್ಟೇ ಇರುತ್ತದೆ ಎಂದು ಅದು ಮಾತು ಕೊಟ್ಟಿಲ್ಲ. ಈ ಭಾಗಾಕಾರ, ಓಮನ ನಿಯಮ ಎರಡನ್ನೂ ಬಹಳ ಜನ ಒಂದೇ ಅಂದುಕೊಳ್ಳುತ್ತಾರೆ. ಭಾಗಾಕಾರ ರೋಧದ ವ್ಯಾಖ್ಯೆ, ಅದನ್ನು ಯಾವುದಕ್ಕೆ ಬೇಕಾದರೂ ಹಾಕಬಹುದು. ಓಮನ ನಿಯಮ ಹೇಳುವುದು ಅದಕ್ಕಿಂತ ಮುಂದಿನ ಮಾತು: ತಾಪಮಾನ ಬದಲಾಗದಿದ್ದರೆ, ಲೋಹದ ತಂತಿಯಲ್ಲಿ ಈ ಭಾಗಲಬ್ಧ ಎಷ್ಟು ವೋಲ್ಟೇಜ್ ಹಾಕಿದರೂ ಒಂದೇ ಇರುತ್ತದೆ. 'ತಾಪಮಾನ ಬದಲಾಗದಿದ್ದರೆ' ಅನ್ನುವ ಷರತ್ತನ್ನು ನಿಮ್ಮ ಬಲ್ಬ್ ಮುರಿಯಿತು, ಅಷ್ಟೇ.

ಗೇಯಾರ್ಗ್ ಓಮನಿಗೂ ಇಂಥದೇ ತಲೆನೋವಿತ್ತು. ಅವನು 1820ರ ದಶಕದಲ್ಲಿ ಪ್ರಯೋಗ ಮಾಡುವಾಗ ಸಿಗುತ್ತಿದ್ದ ಬ್ಯಾಟರಿಗಳ ವೋಲ್ಟೇಜ್ ಅಳೆಯುತ್ತಾ ಇರುವಾಗಲೇ ಇಳಿದುಹೋಗುತ್ತಿತ್ತು. ಅಳತೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಕೊನೆಗೆ ಬ್ಯಾಟರಿ ಬಿಟ್ಟು ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಿ ಬಳಸಿದ. ಒಂದು ಕೂಡಿಕೆಯನ್ನು ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ಕುದಿಯುವ ನೀರೂ ಮಂಜುಗಡ್ಡೆಯೂ ತಾಪಮಾನ ಬದಲಿಸುವುದಿಲ್ಲ, ಹಾಗಾಗಿ ಆ ಎರಡು ಕೂಡಿಕೆಗಳ ತಾಪಮಾನದ ಅಂತರದಿಂದ ಹುಟ್ಟುವ ಸಣ್ಣ ವೋಲ್ಟೇಜೂ ಅಲುಗುವುದಿಲ್ಲ. ಆ ಅಳತೆಗಳ ಮೇಲೆ ನಿಂತ ಪುಸ್ತಕ 1827ರಲ್ಲಿ ಬಂತು. ಸೂತ್ರಕ್ಕಿಂತ ನನಗೆ ಆ ಮಂಜುಗಡ್ಡೆಯ ಉಪಾಯವೇ ಇಷ್ಟ.

ನಿಯಮ ಪೂರ್ತಿ ಕೈಕೊಡುವ ಉದಾಹರಣೆ ಬೇಕಿದ್ದರೆ ಎಲ್‌ಇಡಿ ನೋಡಿ. ಒಂದು ಬಿಳಿ ಎಲ್‌ಇಡಿ ಮೇಲೆ 3 ವೋಲ್ಟ್ ಇದ್ದಾಗ 20 ಮಿಲಿಆಂಪಿಯರ್ ಹರಿಯುತ್ತದೆ ಅಂತಿಟ್ಟುಕೊಳ್ಳಿ. ಭಾಗಿಸಿದರೆ 150 ಓಮ್. ಹಾಗಂತ 6 ವೋಲ್ಟ್ ಹಾಕಿದರೆ 40 ಮಿಲಿಆಂಪಿಯರ್ ಬರುತ್ತದೆ ಎಂದು ನಂಬಿದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಅದಕ್ಕೇ ಅದರ ಜೊತೆ ಕರೆಂಟನ್ನು ತಡೆದು ಹಿಡಿಯುವ ಒಂದು ರೆಸಿಸ್ಟರ್ ಹಾಕುವುದು. ಬ್ಯಾಟರಿ 9 ವೋಲ್ಟ್, ಎಲ್‌ಇಡಿಗೆ 3, ರೆಸಿಸ್ಟರಿಗೆ ಉಳಿದದ್ದು 6 ವೋಲ್ಟ್. 6ನ್ನು 0.02ರಿಂದ ಭಾಗಿಸಿದರೆ 300 ಓಮ್. 330 ಓಮಿನದು ಸುಲಭವಾಗಿ ಸಿಗುತ್ತದೆ, ಅದನ್ನೇ ಹಾಕಿ. ಇಲ್ಲಿ ಜನ ಎಡವುವುದು 9 ವೋಲ್ಟನ್ನೇ ಭಾಗಿಸಿಬಿಡುವುದರಲ್ಲಿ. ಯಾವ ವಸ್ತುವಿನ ರೋಧ ಬೇಕೋ ಆ ವಸ್ತುವಿನ ಎರಡು ತುದಿಗಳ ನಡುವಿನ ವೋಲ್ಟೇಜೇ ಬೇಕು. ಬ್ಯಾಟರಿ ಮೇಲೆ ಬರೆದದ್ದಲ್ಲ.

ಮಿಲಿಆಂಪಿಯರ್ ಬಂತಲ್ಲ, ಅದರದ್ದೂ ಒಂದು ಮಾತು ಹೇಳಿಬಿಡುತ್ತೇನೆ. ಒಂದು ರೆಸಿಸ್ಟರಿಗೆ 12 ವೋಲ್ಟ್, 40 ಮಿಲಿಆಂಪಿಯರ್ ಎಂದರೆ 12ನ್ನು 40ರಿಂದ ಭಾಗಿಸಿ 0.3 ಓಮ್ ಎಂದು ಬರೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. 40 ಮಿಲಿಆಂಪಿಯರ್ ಎಂದರೆ 0.04 ಆಂಪಿಯರ್, ಹಾಗಾಗಿ ರೋಧ 300 ಓಮ್. ಸೊನ್ನೆಗಳ ಗೊಂದಲ ಬೇಡ ಅನ್ನುವವರಿಗೆ ಒಂದು ಅಡ್ಡದಾರಿ ಇದೆ: ವೋಲ್ಟನ್ನು ಮಿಲಿಆಂಪಿಯರಿನಿಂದ ಭಾಗಿಸಿದರೆ ಉತ್ತರ ಕಿಲೋಓಮಿನಲ್ಲಿ, ಗುಣಿಸಿದರೆ ಉತ್ತರ ಮಿಲಿವಾಟಿನಲ್ಲಿ. 0.3 ಕಿಲೋಓಮ್, 480 ಮಿಲಿವಾಟ್. ಈ ರೆಸಿಸ್ಟರಿಗೆ ಕಾಲು ವಾಟಿನದು ಸಾಲದು, ಒಂದು ವಾಟಿನದು ಹಾಕಿ. ಅರ್ಧ ವಾಟಿನದು ಲೆಕ್ಕದಲ್ಲಿ ಸರಿಹೋದರೂ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ.

ಈಗ ಪವರಿನ ಮೂರು ಸೂತ್ರ. ಮೂಲ ಒಂದೇ: ವೋಲ್ಟೇಜ್ × ಕರೆಂಟ್. ಉಳಿದೆರಡು ಅದರ ಮಕ್ಕಳು. ವೋಲ್ಟೇಜ್ ಜಾಗದಲ್ಲಿ 'ಕರೆಂಟ್ × ರೋಧ' ಹಾಕಿದರೆ ಕರೆಂಟ್ × ಕರೆಂಟ್ × ರೋಧ. ಕರೆಂಟಿನ ಜಾಗದಲ್ಲಿ 'ವೋಲ್ಟೇಜ್ ÷ ರೋಧ' ಹಾಕಿದರೆ ವೋಲ್ಟೇಜ್ × ವೋಲ್ಟೇಜ್ ÷ ರೋಧ. ವೋಲ್ಟೇಜ್, ಕರೆಂಟ್ ಎರಡನ್ನೂ ನೀವೇ ಅಳೆದಿದ್ದರೆ ಮೊದಲನೆಯದನ್ನೇ ಬಳಸಿ. ರೋಧದ ಸಹವಾಸವೇ ಬೇಡ. ಮಿಕ್ಕ ಎರಡರಲ್ಲಿ ರೋಧವನ್ನು ನೀವು ಬೇರೆಲ್ಲಿಂದಲೋ ತರಬೇಕು. ಆ ರೋಧ ತಣ್ಣಗಿದ್ದಾಗಿನದೋ ಕಾದಾಗಿನದೋ ಅನ್ನುವ ಗಂಟು ಅದರ ಜೊತೆಗೇ ಬರುತ್ತದೆ.

ಇಲ್ಲೊಂದು ಹಳೇ ಒಗಟು ಇದೆ. ಒಂದು ಸೂತ್ರದಲ್ಲಿ ರೋಧದಿಂದ ಗುಣಿಸುತ್ತೇವೆ, ಇನ್ನೊಂದರಲ್ಲಿ ಭಾಗಿಸುತ್ತೇವೆ. ಹಾಗಾದರೆ ರೋಧ ಜಾಸ್ತಿಯಾದರೆ ಪವರ್ ಜಾಸ್ತಿಯಾಗುತ್ತದೋ ಕಮ್ಮಿಯಾಗುತ್ತದೋ? ಪ್ರಶ್ನೆ ಅರ್ಧಕ್ಕೇ ನಿಂತಿದೆ ಅನ್ನುವುದೇ ಉತ್ತರ. ಯಾವುದನ್ನು ಅಲುಗದಂತೆ ಹಿಡಿದಿದ್ದೀರಿ ಎಂದು ಮೊದಲು ಹೇಳಬೇಕು. ಮನೆಯ ಸಾಕೆಟ್ಟಿನಲ್ಲಿ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಅಲ್ಲಿ ರೋಧ ಕಮ್ಮಿ ಇದ್ದದ್ದು ಹೆಚ್ಚು ಪವರ್ ಎಳೆಯುತ್ತದೆ. 1000 ವಾಟಿನ ಹೀಟರಿಗೆ 53 ಓಮ್, 60 ವಾಟಿನ ಬಲ್ಬಿಗೆ 882. ಅದೇ ಹೀಟರಿಗೆ ಹೋಗುವ ವೈರು, ಪ್ಲಗ್, ಸ್ವಿಚ್ಚಿನ ಕತೆ ತಿರುವುಮುರುವು. ಅವುಗಳ ಮೂಲಕ ಎಷ್ಟು ಕರೆಂಟ್ ಹರಿಯಬೇಕು ಎಂದು ತೀರ್ಮಾನಿಸುವುದು ಹೀಟರ್: 4.35 ಆಂಪಿಯರ್. ಕರೆಂಟ್ ಕಟ್ಟಿಹಾಕಿದಂತೆ ಇರುವಾಗ ರೋಧ ಏರಿದಲ್ಲೆಲ್ಲಾ ಶಾಖ ಏರುತ್ತದೆ.

ಪ್ಲಗ್ಗಿನ ಪಿನ್ ಸಡಿಲವಾಗಿ ಕೂತು ಅಲ್ಲಿ ಬರೀ ಅರ್ಧ ಓಮ್ ರೋಧ ಹುಟ್ಟಿಕೊಂಡಿತು ಅನ್ನಿ. 4.35 × 4.35 × 0.5 ಎಂದರೆ ಒಂಬತ್ತೂವರೆ ವಾಟ್. ಕಾಳಿನಷ್ಟು ಜಾಗದಲ್ಲಿ ಒಂಬತ್ತೂವರೆ ವಾಟ್! ಪಿನ್ ಕಪ್ಪಾಗುವುದು, ಪ್ಲಾಸ್ಟಿಕ್ ಕರಗಿದ ವಾಸನೆ ಬರುವುದು ಹೀಗೆ. ಅದೇ ಸಾಕೆಟ್ಟಿಗೆ 2000 ವಾಟಿನ ಹೀಟರ್ ಹಾಕಿದರೆ ಕರೆಂಟ್ ಎರಡು ಪಟ್ಟು, ಆದರೆ ಆ ಪಿನ್ನಿನ ಶಾಖ ನಾಲ್ಕು ಪಟ್ಟು: 38 ವಾಟ್ ಹತ್ತಿರ. ಕರೆಂಟನ್ನು ಕರೆಂಟಿನಿಂದಲೇ ಗುಣಿಸುವ ಈ ಶಾಖದ ಲೆಕ್ಕವನ್ನು ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದ. ಮೂರು ಸೂತ್ರಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಿ ಅಂದರೆ ನಾನು ಎಲೆಕ್ಟ್ರಿಕ್ ಕೆಲಸ ಮಾಡುವವರಿಗೆ ಇದನ್ನೇ ಹೇಳುವುದು.

ಪರೀಕ್ಷೆಗಳಲ್ಲಿ ಬರುವ ಇನ್ನೊಂದು ಪ್ರಶ್ನೆಯೂ ಇದೇ ಜಾತಿಯದು: 60 ವಾಟಿನ ಮತ್ತು 100 ವಾಟಿನ ಬಲ್ಬುಗಳನ್ನು ಸೀರೀಸಿನಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು, ಹಾಕಿದರೆ ಯಾವುದು ಹೆಚ್ಚು ಬೆಳಗುತ್ತದೆ? ಸೀರೀಸಿನಲ್ಲಿ ಇಬ್ಬರಿಗೂ ಒಂದೇ ಕರೆಂಟ್. ಹಾಗಾಗಿ ರೋಧ ಜಾಸ್ತಿ ಇರುವ 60 ವಾಟಿನದೇ ಗೆಲ್ಲುತ್ತದೆ. ಉತ್ತರ ಸರಿ. ಆದರೆ ಪುಸ್ತಕಗಳು 882ಕ್ಕೆ 529 ಕೂಡಿಸಿ, 230ನ್ನು ಭಾಗಿಸಿ, 23 ವಾಟ್ ಮತ್ತು 14 ವಾಟ್ ಎಂದು ಬರೆದುಬಿಡುತ್ತವೆ. ನಿಮ್ಮ 65 ಓಮ್ ನೋಡಿದ ಮೇಲೆ ಇದನ್ನು ಒಪ್ಪುತ್ತೀರಾ? ಅರ್ಧಂಬರ್ಧ ಉರಿಯುವ ಬಲ್ಬುಗಳು ಅಷ್ಟು ಕಾಯುವುದೇ ಇಲ್ಲ. ಅವುಗಳ ರೋಧ ಇನ್ನೂ ಕೆಳಗೇ ಇರುತ್ತದೆ, ಕರೆಂಟ್ ಪುಸ್ತಕದ ಲೆಕ್ಕಕ್ಕಿಂತ ಜಾಸ್ತಿ ಹರಿಯುತ್ತದೆ. ಅಳೆದೇ ನೋಡಬೇಕು.

ಅಳೆಯುವುದು ಅಂದಾಗ ನಮ್ಮ ಮಾತಿನ ಒಂದು ತಮಾಷೆ ನೆನಪಾಗುತ್ತದೆ. 'ಕರೆಂಟ್ ಹೋಯ್ತು' ಅನ್ನುತ್ತೇವೆ. ನಿಜಕ್ಕೂ ಹೋದದ್ದು ವೋಲ್ಟೇಜ್. ಸ್ವಿಚ್ಚುಗಳನ್ನೆಲ್ಲಾ ಆರಿಸಿದರೆ ಕರೆಂಟ್ ಇಲ್ಲ, ವೋಲ್ಟೇಜ್ ಮಾತ್ರ ಸಾಕೆಟ್ಟಿನಲ್ಲಿ ಕಾದು ಕೂತಿರುತ್ತದೆ. 'ಕರೆಂಟ್ ಹೊಡೀತು' ಅನ್ನುವುದು ಮಾತ್ರ ಸರಿಯಾದ ಮಾತು. ಮೈಯಲ್ಲಿ ಹರಿದು ಹಾನಿ ಮಾಡುವುದು ಕರೆಂಟೇ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮೀಟರನ್ನು ಎಲ್ಲಿ ಇಡಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ. ವೋಲ್ಟೇಜ್ ಎರಡು ಬಿಂದುಗಳ ನಡುವೆ ಇರುವಂಥದ್ದು, ಹಾಗಾಗಿ ಮೀಟರ್ ಪಕ್ಕದಲ್ಲಿ, ಪ್ಯಾರಲಲ್ ಆಗಿ. ಕರೆಂಟ್ ಹರಿಯುವಂಥದ್ದು, ಹಾಗಾಗಿ ಮೀಟರ್ ದಾರಿಯಲ್ಲೇ, ಸೀರೀಸಿನಲ್ಲಿ. ಓಮ್ ಅಳೆಯುವಾಗ ಸಪ್ಲೈ ಪೂರ್ತಿ ಬಿಡಿಸಿರಬೇಕು. ನೀವು ಬಲ್ಬ್ ಬಿಚ್ಚಿ ಅಳೆದದ್ದು ಒಳ್ಳೆಯದೇ ಆಯಿತು.

ಇದೆಲ್ಲ ಗೊತ್ತಿದ್ದೂ ನಾನು ಕೆಡಿಸಿಕೊಂಡಿದ್ದೇನೆ. ಕರೆಂಟ್ ಅಳೆದು ಮುಗಿಸಿ, ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು, ಡಯಲ್ ಮಾತ್ರ ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಮುಟ್ಟಿಸಿದ್ದೆ. ಆಂಪಿಯರ್ ತೂತಿನ ಒಳಗಿನ ರೋಧ ಓಮಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿರುತ್ತದೆ. 12 ವೋಲ್ಟನ್ನು ಅದರಿಂದ ಭಾಗಿಸಿ ನೋಡಿ. ಕಿಡಿ ಹಾರಿತು, ಪ್ರೋಬಿನ ತುದಿ ಕರಗಿತು, ಫ್ಯೂಸ್ ಹೋಯಿತು. ಅದೇ ತಪ್ಪನ್ನು 230 ವೋಲ್ಟಿನಲ್ಲಿ ಮಾಡಿದರೆ ಕೈಯೂ ಸುಡುತ್ತದೆ. ಮನೆಯ ಸಪ್ಲೈಯಲ್ಲಿ ಕರೆಂಟ್ ಅಳೆಯಲು ಕ್ಲಾಂಪ್ ಮೀಟರ್ ಬಿಟ್ಟು ಬೇರೇನೂ ಬಳಸಬೇಡಿ.

ಆ ಸಡಿಲ ಪಿನ್ನಿನಂಥ ಸಣ್ಣ ರೋಧಗಳನ್ನು ಮೀಟರಿನ ಓಮ್ ಸ್ಥಾನದಲ್ಲಿ ಅಳೆಯಲು ಹೋದರೆ ಪ್ರೋಬಿನ ವೈರುಗಳದ್ದೇ ಓಮಿನ ಹತ್ತನೇ ಒಂದೆರಡು ಪಾಲು ಸೇರಿಕೊಳ್ಳುತ್ತದೆ. ಅಲ್ಲಿ ಭಾಗಾಕಾರವೇ ಒಳ್ಳೆಯದು. ಪ್ಲಗ್ಗನ್ನು ಸಪ್ಲೈಯಿಂದ ಬಿಡಿಸಿ, ಬೇರೆ ಸಣ್ಣ ವೋಲ್ಟೇಜಿನ ಸಪ್ಲೈಯಿಂದ ಒಂದು ಆಂಪಿಯರ್ ಹರಿಸಿ. ಕೂಡಿಕೆಯ ಎರಡೂ ಬದಿಗೆ ಬೇರೆ ಎರಡು ವೈರಿನಲ್ಲಿ ವೋಲ್ಟೇಜ್ ನೋಡಿ. 20 ಮಿಲಿವೋಲ್ಟ್ ಕಂಡರೆ ರೋಧ 0.02 ಓಮ್. ವೋಲ್ಟ್ ಅಳೆಯುವ ವೈರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಅದರ ರೋಧ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಯದಾಗಿ ನಿಮ್ಮ ಫ್ಯಾನ್. 230 × 0.35 ಎಂದರೆ 80.5. ಗುಣಾಕಾರ ತಪ್ಪಿಲ್ಲ, ಆದರೆ ಅದು ವಾಟ್ ಅಲ್ಲ, ವೋಲ್ಟ್-ಆಂಪಿಯರ್. ಬಲ್ಬ್, ಹೀಟರುಗಳಲ್ಲಿ ವೋಲ್ಟೇಜ್ ಏರಿದಾಗ ಕರೆಂಟೂ ಜೊತೆಗೇ ಏರುತ್ತದೆ. ಮನೆಯದು ಏಸಿ ಸಪ್ಲೈ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಆಗಿದ್ದರೂ ಅಲ್ಲಿ ಬರೀ ಗುಣಿಸಿದರೆ ಸಾಕು. ಫ್ಯಾನಿನ ಒಳಗೆ ವೈಂಡಿಂಗೂ ಕೆಪಾಸಿಟರೂ ಇವೆ. ಅಲ್ಲಿ ವೋಲ್ಟೇಜಿಗೂ ಕರೆಂಟಿಗೂ ಹೆಜ್ಜೆ ಕೂಡುವುದಿಲ್ಲ. ಏಸಿಯ ಪ್ರತಿ ಏರಿಳಿತದ ಸುತ್ತಿನಲ್ಲೂ ಸ್ವಲ್ಪ ಹೊತ್ತು ಫ್ಯಾನ್ ತಾನು ಪಡೆದ ಶಕ್ತಿಯಲ್ಲಿ ಒಂದಿಷ್ಟನ್ನು ವಾಪಸ್ ಕೊಡುತ್ತಿರುತ್ತದೆ. ಅದನ್ನು ಕಳೆಯಲು ಪವರ್ ಫ್ಯಾಕ್ಟರಿನಿಂದ, ಅಂದರೆ ವೋಲ್ಟ್-ಆಂಪಿಯರಿನಲ್ಲಿ ನಿಜವಾದ ವಾಟ್ ಎಷ್ಟು ಪಾಲು ಎಂದು ಹೇಳುವ ಸಂಖ್ಯೆಯಿಂದ, ಗುಣಿಸಬೇಕು. 70ನ್ನು 80.5ರಿಂದ ಭಾಗಿಸಿದರೆ 0.87. ಫ್ಯಾನಿಗೆ ನಂಬಬಹುದಾದ ಸಂಖ್ಯೆಯೇ. ಹಾಗೆಯೇ 230ನ್ನು 0.35ರಿಂದ ಭಾಗಿಸಿದರೆ ಬರುವ 657 ಓಮ್ ಕೂಡ ವೈಂಡಿಂಗಿನ ರೋಧವಲ್ಲ. ಅದು ಇಂಪಿಡೆನ್ಸ್. ತಿರುಗುವ ಮೋಟರ್ ಒಡ್ಡುವ ತಡೆಯೆಲ್ಲಾ ಅದರಲ್ಲಿ ಸೇರಿದೆ. ಆ 657ನ್ನು ರೋಧ ಅಂದುಕೊಂಡು ಶಾಖ ಲೆಕ್ಕ ಹಾಕಬೇಡಿ.

ನಿಮ್ಮ 0.35 ಬಗ್ಗೆಯೂ ನನಗೆ ಪೂರ್ತಿ ನಂಬಿಕೆ ಇಲ್ಲ. ನೂರಾರು ಆಂಪಿಯರಿಗೆಂದು ಮಾಡಿದ ಕ್ಲಾಂಪ್ ಮೀಟರ್ ಇಷ್ಟು ಸಣ್ಣ ಕರೆಂಟಿನಲ್ಲಿ ತಡವರಿಸುತ್ತದೆ. ಸಪ್ಲೈ ಆರಿಸಿ, ಒಂದು ಉದ್ದದ ವೈರನ್ನು ದಾರಿಯಲ್ಲಿ ಸೇರಿಸಿ, ಅದನ್ನು ಕ್ಲಾಂಪಿನ ಬಾಯೊಳಗೆ ಹತ್ತು ಸುತ್ತು ಸುತ್ತಿ ಅಳೆಯಿರಿ. ಬಂದ ಸಂಖ್ಯೆಯನ್ನು ಹತ್ತರಿಂದ ಭಾಗಿಸಿ. ಒಂದೇ ವೈರು ಒಳಗೆ ಹೋಗಬೇಕು, ಎರಡೂ ಹೋದರೆ ಸೊನ್ನೆ ತೋರಿಸುತ್ತದೆ.

ಪವರ್ ಫ್ಯಾಕ್ಟರಿನ ಗೋಜೇ ಬೇಡ, ನಿಜವಾದ ವಾಟ್ ಬೇಕು ಅಂದರೆ ಮನೆಯ ಎಲೆಕ್ಟ್ರಾನಿಕ್ ಮೀಟರನ್ನೇ ಕೇಳಿ. ಅದರ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟಿಗೆ ಎಷ್ಟು ಮಿನುಗು ಎಂದು ಪಕ್ಕದಲ್ಲೇ ಬರೆದಿರುತ್ತದೆ. 3200 ಎಂದಿದ್ದರೆ, ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್ ಆದ್ದರಿಂದ, ಒಂದು ಮಿನುಗಿಗೆ 1125 ಜೂಲ್. ಫ್ರಿಜ್ಜು, ಚಾರ್ಜರು ಎಲ್ಲಾ ಬಿಡಿಸಿ ಫ್ಯಾನ್ ಒಂದನ್ನೇ ಪೂರ್ತಿ ವೇಗದಲ್ಲಿ ಓಡಿಸಿ. ಹನ್ನೊಂದು ಮಿನುಗು ಎಣಿಸಿ, ಮೊದಲನೆಯದರಿಂದ ಕೊನೆಯದಕ್ಕೆ ಹಿಡಿದ ಸೆಕೆಂಡುಗಳನ್ನು ಹತ್ತರಿಂದ ಭಾಗಿಸಿ. 1125ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ವಾಟ್. 16 ಸೆಕೆಂಡಿಗೊಂದು ಮಿನುಗು ಬಂದರೆ ಫ್ಯಾನಿನ ಮೇಲೆ ಬರೆದ 70 ನಿಜ. 14ಕ್ಕೊಂದು ಬಂದರೆ ಅದು 80 ವಾಟನ್ನೇ ಎಳೆಯುತ್ತಿದೆ.